ಹಿಕ್ಕೆ ಕಟ್ಟಿದ ಪಂಜರ: ಹಕ್ಕಿಗೂ ತೊಳೆಯುವವರಿಗೂ ತೊಂದರೆಯಾಗದ ಹಾಗೆ ಸ್ವಚ್ಛ ಮಾಡುವುದು

ನಮ್ಮ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಅಂತ ಕೊಡುವ ಹಕ್ಕಿ ಬಹುಪಾಲು ಬಡ್ಜಿ, ಅಂದರೆ ಆಸ್ಟ್ರೇಲಿಯಾ ಮೂಲದ ಬಡ್ಜರಿಗರ್. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಮೋಟು ಬಾಲದ್ದು. (ನಮ್ಮ ಊರಿನ ಹಸಿರು ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಇಲ್ಲಿ ಆ ಮಾತಿಲ್ಲ.) 30-40 ಗ್ರಾಂ ತೂಗುವ ಬಡ್ಜಿ ದಿನಕ್ಕೆ 25ರಿಂದ 50 ಸಲ ಹಿಕ್ಕೆ ಹಾಕುತ್ತದೆ. ಒಂದು ಜೋಡಿಯ ಪಂಜರವನ್ನು ಮೂರು ವಾರ ಮುಟ್ಟದೆ ಬಿಟ್ಟರೆ ಲೆಕ್ಕ ಸಾವಿರ ದಾಟುತ್ತದೆ. ತಂತಿಯ ಸಂದಿಗಳಲ್ಲಿ, ಕೂರುವ ಕೋಲಿನ ಮೇಲೆ, ಟ್ರೇಯ ಮೂಲೆಗಳಲ್ಲಿ ಅದು ಒಣಗಿ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ.

ಊರಿಗೆ ಹೋಗಿ ಬಂದ ಮೇಲೆ ಕಾಣುವ ಪಂಜರ, ಯಾರೋ ಸಾಕಿ ಕೈಬಿಟ್ಟ ಹಳೆ ಪಂಜರ, ಮರಿ ಮಾಡಿಸಿ ಮುಗಿದ ಪಂಜರ, ಈ ಮೂರಕ್ಕೂ ಕೆಳಗಿನ ಕ್ರಮ ಹೊಂದುತ್ತದೆ. ಪೂರ್ತಿ ಕೆಲಸಕ್ಕೆ ಎರಡು ಮೂರು ಗಂಟೆ ಬೇಕು, ಅದರಲ್ಲಿ ಅರ್ಧ ನೆನೆಯಲು ಹೋಗುವ ಸಮಯ. ಬಿಸಿಲಿಗೆ ಒಣಗಲು ಮತ್ತೆ ಎರಡು ಗಂಟೆ. ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಮಧ್ಯಾಹ್ನದ ಬಿಸಿಲಿಗೆ ಪಂಜರ ಒಣಗಿ, ಕತ್ತಲಾಗುವ ಮೊದಲೇ ಹಕ್ಕಿ ತನ್ನ ಜಾಗದಲ್ಲಿ ನೆಲೆಯಾಗಿರುತ್ತದೆ. ಸಂಜೆ ಐದಕ್ಕೆ ಕೈ ಹಾಕಬೇಡಿ.

ಎರಡು ತಪ್ಪುಗಳು

ಎಲ್ಲರೂ ಮಾಡುವ ಮೊದಲ ತಪ್ಪು ಒಣ ಹಿಕ್ಕೆಯನ್ನು ಹಾಗೇ ಕೆರೆಯುವುದು ಅಥವಾ ಪೊರಕೆಯಲ್ಲಿ ಗುಡಿಸುವುದು. ಕೆರೆದ ಕೂಡಲೇ ಬಿಳಿ ಪುಡಿ ಏಳುತ್ತದೆ. ಗಿಣಿ ಜಾತಿಯ ಹಕ್ಕಿಗಳಲ್ಲಿ ಬರುವ ಸಿಟಕೋಸಿಸ್ ಎಂಬ ಸೋಂಕು ಮನುಷ್ಯರಿಗೆ ತಗಲುವ ಮುಖ್ಯ ದಾರಿಯೇ ಈ ದೂಳು. ಕ್ಲಮೈಡಿಯಾ ಸಿಟಸಿ ಎಂಬ ಬ್ಯಾಕ್ಟೀರಿಯಾ ಒಣಗಿದ ಹಿಕ್ಕೆಯಲ್ಲೂ ಬದುಕಿದ್ದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ, ತಲೆನೋವು, ಮೈಕೈ ನೋವು, ಒಣ ಕೆಮ್ಮು ಶುರುವಾಗುತ್ತವೆ. ಹಕ್ಕಿ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಸೋಂಕು ಹೊತ್ತಿರಬಹುದು. ಪಂಜರ ತೊಳೆದ ಎರಡು ವಾರದೊಳಗೆ ಇಂಥ ಜ್ವರ ಬಂದರೆ ವೈದ್ಯರಿಗೆ ‘ಮನೆಯಲ್ಲಿ ಹಕ್ಕಿ ಇದೆ’ ಎಂಬ ಮಾತು ಹೇಳಿಬಿಡಿ. ಇದಕ್ಕೆ ಡಾಕ್ಸಿಸೈಕ್ಲಿನ್‌ನಂಥ ಒಳ್ಳೆಯ ಔಷಧ ಇದೆ, ಆದರೆ ಹಕ್ಕಿಯ ಸುದ್ದಿ ತಿಳಿಯದೆ ಯಾವ ವೈದ್ಯರಿಗೂ ಅದು ಮೊದಲು ಹೊಳೆಯುವುದಿಲ್ಲ. ಇನ್ನು ಕಾಕಟೀಲ್ (ಜುಟ್ಟಿರುವ, ಗಿಣಿ ಜಾತಿಯ ಹಕ್ಕಿ) ಸಾಕಿದವರಿಗೆ ರೆಕ್ಕೆಯ ಪುಡಿಯ ಕಾಟ ಬೇರೆ. ವರ್ಷಗಟ್ಟಲೆ ಆ ಪುಡಿ ಉಸಿರಾಡಿದರೆ ಕೆಲವರ ಶ್ವಾಸಕೋಶವೇ ಮುನಿಯುತ್ತದೆ.

ಎರಡನೆಯ ತಪ್ಪು ಫಿನಾಯಿಲ್. ವಾಸನೆ ಹೋಗಬೇಕು ಅಂತ ಪಂಜರದ ಕೆಳಗೆ ಒಂದು ಮುಚ್ಚಳ ಸುರಿದು ಒರೆಸುವವರು ಬಹಳ. ಹಕ್ಕಿಯ ಉಸಿರಾಟ ನಮ್ಮದರಂತಲ್ಲ. ಅದಕ್ಕೆ ವಪೆ (ಎದೆ ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯು) ಇಲ್ಲ, ಮೈಯೊಳಗೆಲ್ಲ ಗಾಳಿಚೀಲಗಳಿವೆ, ಉಸಿರು ಒಳಗೆಳೆದಾಗಲೂ ಹೊರಬಿಟ್ಟಾಗಲೂ ಶ್ವಾಸಕೋಶದಲ್ಲಿ ಹೊಸ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತಲೇ ಇರುತ್ತದೆ. ಆಮ್ಲಜನಕ ಹೀರಲು ಎಷ್ಟು ಒಳ್ಳೆಯ ಏರ್ಪಾಡೋ, ವಿಷದ ಹೊಗೆ ಹೀರಲೂ ಅಷ್ಟೇ ಒಳ್ಳೆಯದು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಯನ್ನು ಕೆಳಗೆ ಒಯ್ಯುತ್ತಿದ್ದುದು ಇದಕ್ಕೇ: ವಿಷದ ಗಾಳಿ ಇದ್ದರೆ ಮನುಷ್ಯನಿಗೆ ಗೊತ್ತಾಗುವ ಮೊದಲು ಹಕ್ಕಿ ಕೋಲಿನಿಂದ ಬೀಳುತ್ತಿತ್ತು. ನಮಗೆ ‘ಕ್ಲೀನ್ ವಾಸನೆ’ ಅನ್ನಿಸುವುದು ಅದಕ್ಕೆ ಉಸಿರುಗಟ್ಟಿಸುವ ಹೊಗೆ.

ಹಾಗಾಗಿ ಈ ಕೆಲಸದಲ್ಲಿ ಬಿಡಬಾರದ ಸೂತ್ರ ಇಷ್ಟೇ. ಹಕ್ಕಿ ಬೇರೆ ಕೋಣೆಯಲ್ಲಿರಬೇಕು, ಕೊಳೆ ಒದ್ದೆಯಾಗಿರಬೇಕು, ಸೋಪು ಮೊದಲು, ಸೋಂಕುನಾಶಕ ಆಮೇಲೆ.

ಹೊಂದಿಸಿಕೊಳ್ಳಬೇಕಾದ್ದು

ಎನ್95 ಮಾಸ್ಕ್ ಒಂದು. ಬಟ್ಟೆಯ ಮಾಸ್ಕ್, ಕರ್ಚೀಫು ಸಾಲದು. ರಬ್ಬರ್ ಕೈಗವಸು. ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು, ಬ್ರಷ್ಷಿನಿಂದ ಹನಿ ಹಾರುವುದು ನೇರ ಕಣ್ಣಿಗೇ. ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ನೈಲಾನ್ ಎಳೆಯ ಬಟ್ಟೆ ಬ್ರಷ್ಷು, ಎರಡು ಹಳೆ ಟೂತ್‌ಬ್ರಷ್, ಅವಧಿ ಮುಗಿದ ಒಂದು ಎಟಿಎಂ ಕಾರ್ಡು (ಟ್ರೇಯ ತಳ ಕೆರೆಯಲು ಇದಕ್ಕಿಂತ ಒಳ್ಳೆಯ ಹತ್ಯಾರ ಇಲ್ಲ), ಪಾತ್ರೆ ತೊಳೆಯುವ ವಾಸನೆ ಕಡಿಮೆ ಇರುವ ದ್ರವ, ಬಿಳಿ ವಿನೆಗರ್, ಎರಡು ಬಕೆಟ್, ಹಳೆ ಕಾಟನ್ ಬಟ್ಟೆ, ಒಂದಿಷ್ಟು ದಿನಪತ್ರಿಕೆ. ತೆಂಗಿನ ಜುಂಗು ನಡೆಯುತ್ತದೆ, ಸ್ಟೀಲ್ ಜುಂಗು ಬೇಡ. ಅದರ ಎಳೆ ಮುರಿದು ತಂತಿಗೆ ಸಿಕ್ಕಿಕೊಂಡರೆ ಬಡ್ಜಿ ಅದನ್ನು ಕಚ್ಚಿ ನುಂಗುತ್ತದೆ. ಪಂಜರದ ಬಣ್ಣವೂ ಗೀರಿ ಹೋಗುತ್ತದೆ.

ಇವೆಲ್ಲ ಹಕ್ಕಿಗೆಂದೇ ಮೀಸಲಿರಲಿ. ಅಡುಗೆಮನೆಯ ಸಿಂಕಿನಲ್ಲಿ ಪಂಜರದ ಟ್ರೇ, ನೀರಿನ ಬಟ್ಟಲು ತೊಳೆಯಬೇಡಿ. ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದ್ದೇ ಇದೆ. ಬಚ್ಚಲು ಅಥವಾ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಸರಿಯಾದ ಜಾಗ. ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ಪೈಪು ಹಿಡಿದರೆ ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ ಏನು ಬೀಳುತ್ತದೆ ಅಂತ ಒಮ್ಮೆ ಯೋಚಿಸಿ.

ಹಕ್ಕಿಯನ್ನು ಸಾಗಿಸುವುದು

ಕೋಣೆಯ ಫ್ಯಾನು ಮೊದಲು ನಿಲ್ಲಿಸಿ. ತಿರುಗುತ್ತಿರುವ ಫ್ಯಾನಿಗೆ ಸಿಕ್ಕು ಸತ್ತ ಬಡ್ಜಿಗಳಿಗೆ ಲೆಕ್ಕವಿಲ್ಲ. ಕಿಟಕಿ, ಬಾಗಿಲು ಹಾಕಿ, ಕನ್ನಡಿಗೆ ಬಟ್ಟೆ ಹೊದಿಸಿ, ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಇದ್ದರೆ ಮುಚ್ಚಿ.

ಹಿಡಿಯದೆ ಸಾಗಿಸಲು ಸಾಧ್ಯವಾದರೆ ಅದೇ ಉತ್ತಮ. ಚಿಕ್ಕ ಪಂಜರವೊಂದನ್ನು ದೊಡ್ಡದರ ಬಾಗಿಲಿಗೆ ಬಾಗಿಲು ತಾಗಿಸಿ ಇಟ್ಟು, ಅದರೊಳಗೆ ನವಣೆ ತೆನೆ ಕಟ್ಟಿ, ದೊಡ್ಡದರ ಮೇಲೆ ದಪ್ಪ ಬಟ್ಟೆ ಹೊದಿಸಿ. ಕತ್ತಲಿನಿಂದ ಬೆಳಕಿಗೆ ಹತ್ತು ಹದಿನೈದು ನಿಮಿಷದಲ್ಲಿ ತಾವಾಗಿಯೇ ದಾಟುತ್ತವೆ. ಹಿಡಿಯಲೇಬೇಕಾದರೆ ಕೋಣೆ ಕತ್ತಲು ಮಾಡಿ. ಕತ್ತಲಲ್ಲಿ ಹಕ್ಕಿ ಹಾರದೆ ಕೂತಲ್ಲೇ ಕೂರುತ್ತದೆ. ತೆಳು ಬಟ್ಟೆ ಸುತ್ತಿದ ಕೈಯಿಂದ ಬೆನ್ನ ಕಡೆಯಿಂದ ಮೆಲ್ಲಗೆ ಹಿಡಿದು, ತಲೆಯ ಎರಡೂ ಬದಿಗೆ ಹೆಬ್ಬೆರಳು ತೋರುಬೆರಳು ಇರುವಂತೆ ನೋಡಿಕೊಳ್ಳಿ. ಎದೆಯನ್ನು ಮಾತ್ರ ಒತ್ತಬೇಡಿ. ವಪೆ ಇಲ್ಲದ ಹಕ್ಕಿ ಎದೆಮೂಳೆಯನ್ನು ಮುಂದಕ್ಕೆ ಹಿಂದಕ್ಕೆ ಆಡಿಸಿಯೇ ಉಸಿರಾಡುವುದು. ಮೂಗು ಬಾಯಿ ತೆರೆದಿದ್ದರೂ ಎದೆ ಅದುಮಿದರೆ ಅದಕ್ಕೆ ಉಸಿರಿಲ್ಲ.

ತಾತ್ಕಾಲಿಕ ಪಂಜರದಲ್ಲಿ ಕಾಳು, ನೀರು ಇಟ್ಟು ತೊಳೆಯುವ ಜಾಗದಿಂದ ದೂರದ ಕೋಣೆಯಲ್ಲಿಡಿ. ಅಡುಗೆಮನೆಯಲ್ಲಿ ಬೇಡವೇ ಬೇಡ. ನಾನ್‌ಸ್ಟಿಕ್ ಕಾವಲಿ ಖಾಲಿಯಾಗಿ ಒಲೆಯ ಮೇಲೆ ಕಾದುಬಿಟ್ಟರೆ ಅದರ ಲೇಪನದಿಂದ ಏಳುವ ಹೊಗೆ ನಿಮಿಷಗಳಲ್ಲೇ ಹಕ್ಕಿಯ ಜೀವ ತೆಗೆಯುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದೂ ಇಲ್ಲ. ದೇವರ ಕೋಣೆಯೂ ಅಷ್ಟೇ: ಊದುಬತ್ತಿ, ಧೂಪ, ಕರ್ಪೂರ ಯಾವುದೂ ಹಕ್ಕಿಗೆ ಆಗದು.

ಗೂಡಿನ ಮಡಕೆಯಲ್ಲಿ ಮೊಟ್ಟೆ ಅಥವಾ ಮರಿ ಇದ್ದರೆ ದೊಡ್ಡ ತೊಳೆತ ಮುಂದೂಡಿ. ಬಡ್ಜಿ ಮೊಟ್ಟೆಗೆ ಸುಮಾರು 18 ದಿನ ಕಾವು ಬೇಕು, ಮರಿ ಗೂಡಿನಿಂದ ಹೊರಬರಲು ಮತ್ತೆ ಐದು ವಾರ. ಅಷ್ಟು ದಿನ ಟ್ರೇಯ ಪತ್ರಿಕೆ, ಬಟ್ಟಲುಗಳನ್ನು ಮಾತ್ರ ನೋಡಿಕೊಂಡರೆ ಸಾಕು.

ನೆನೆಸುವುದು, ಉಜ್ಜುವುದು

ಸ್ಪ್ರೇ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು, ನಾಲ್ಕೈದು ಹನಿ ಪಾತ್ರೆ ತೊಳೆಯುವ ದ್ರವ. ಮಾಸ್ಕ್ ಹಾಕಿಕೊಂಡೇ ಮೊದಲ ಸ್ಪ್ರೇ ಶುರು ಮಾಡಿ. ಟ್ರೇ ಎಳೆಯುವ ಮೊದಲೇ ಪತ್ರಿಕೆ, ತಳ, ತಂತಿ, ಕೋಲು ಎಲ್ಲದರ ಮೇಲೂ ಚಿಮುಕಿಸಿ. ಜೋರಾಗಿ ಹೊಡೆಯಬೇಡಿ, ದೂಳು ಹಾರುತ್ತದೆ. ಮಂಜಿನಂತೆ ಬೀಳಲಿ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ.

ಈಗ ಟ್ರೇಯ ಪತ್ರಿಕೆಯನ್ನು ನಾಲ್ಕೂ ಅಂಚಿನಿಂದ ಒಳಮುಖವಾಗಿ ಮಡಚಿ, ಕವರಿಗೆ ಹಾಕಿ ಗಂಟು ಕಟ್ಟಿ. ಪುಡಿ ಚೆಲ್ಲುವ ಹಂತ ಇದೊಂದೇ, ಹಾಗಾಗಿ ಇಲ್ಲಿ ಅವಸರ ಬೇಡ. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಸಣ್ಣ ದೂಳು ಅದರ ಹಿಂಬದಿಯಿಂದ ಕೋಣೆಗೇ ವಾಪಸ್ ಬರುತ್ತದೆ.

ಟ್ರೇ, ಬಟ್ಟಲು, ಬಿಚ್ಚಲು ಬರುವ ಜಾಲರಿ ಎಲ್ಲವನ್ನೂ ಬಿಚ್ಚಿ ಸೋಪಿನ ಬಿಸಿನೀರಲ್ಲಿ ಮುಳುಗಿಸಿ ಅರ್ಧ ಗಂಟೆ ಬಿಡಿ. ಕೈ ತಾಳುವಷ್ಟು ಬಿಸಿ ಸಾಕು, ಕುದಿವ ನೀರಿಗೆ ಪ್ಲಾಸ್ಟಿಕ್ ಟ್ರೇ ಸೊಟ್ಟಗಾಗಿ ಮತ್ತೆ ತನ್ನ ಸಂದಿಯೊಳಗೆ ಹೋಗುವುದಿಲ್ಲ. ಅಷ್ಟರಲ್ಲಿ ಪಂಜರದ ಮೈ ಉಜ್ಜಿ. ಬ್ರಷ್ಷನ್ನು ತಂತಿಯ ಉದ್ದಕ್ಕೆ ಎಳೆಯಿರಿ. ಅಡ್ಡಡ್ಡ ಎಳೆದರೆ ಹನಿಗಳು ಮುಖಕ್ಕೆ ಸಿಡಿಯುತ್ತವೆ, ಕೊಳೆ ಅತ್ತಿಂದಿತ್ತ ಸರಿಯುತ್ತದೆ ಅಷ್ಟೆ. ನಿಜವಾದ ಕೊಳೆ ಇರುವುದು ಅಡ್ಡ ತಂತಿ ಉದ್ದ ತಂತಿ ಕೂಡುವ ಜಾಗದಲ್ಲಿ, ಬಾಗಿಲಿನ ಕೊಂಡಿಯಲ್ಲಿ, ಟ್ರೇ ಜಾರುವ ಸಂದಿಯಲ್ಲಿ. ಒಂದು ಬೆರಳನ್ನು ಕೂಡುಜಾಗದ ಹಿಂಬದಿಗೆ ಹಾಯಿಸಿ ನೋಡಿ: ಮುಂದಿನಿಂದ ಹೊಳೆಯುವ ತಂತಿಯ ಹಿಂದೆ ಕಾಳಿನಷ್ಟು ದಪ್ಪದ ಗಂಟು ಸಿಗುತ್ತದೆ. ಟೂತ್‌ಬ್ರಷ್ ಅಲ್ಲಿಗೇ ಬೇಕಾದ್ದು. ಬರದೆ ಹಟ ಮಾಡಿದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಆ ಜಾಗಕ್ಕೆ ಸುತ್ತಿ ಹದಿನೈದು ನಿಮಿಷ ಬಿಟ್ಟರೆ ಉಗುರಿನಲ್ಲೇ ಬಿಡುತ್ತದೆ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಇನ್ನೊಂದು ಬಿಳಿ ಪದರ ಇರುತ್ತದೆ. ಅದು ಹಿಕ್ಕೆಯಲ್ಲ, ಗಡಸು ನೀರಿನ ಸುಣ್ಣ. ನೀರಿನ ಬಟ್ಟಲಿನ ಅಂಚಿನಲ್ಲಿ, ಅದರ ಕೆಳಗಿನ ತಂತಿಗಳಲ್ಲಿ ಹೆಚ್ಚು. ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಉಜ್ಜಿದರೆ ಬರುತ್ತದೆ. ನಿಂಬೆಹಣ್ಣಿನ ಹೋಳೂ ಆದೀತು. ಅಡುಗೆ ಸೋಡಾವನ್ನು ಒಂದಿಷ್ಟು ನೀರಲ್ಲಿ ಕಲಸಿ ತಿಕ್ಕಿದರೆ ಗೀರಾಗದೆ ಕಲೆ ಹೋಗುತ್ತದೆ. ಆದರೆ ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿಯುವ ವಿಡಿಯೊಗಳನ್ನು ನಂಬಬೇಡಿ. ಬುರುಬುರು ನೊರೆ ನೋಡಲು ಚೆಂದ, ಒಂದು ಇನ್ನೊಂದರ ಶಕ್ತಿ ಕಳೆದು ಕೊನೆಗೆ ಉಳಿಯುವುದು ಉಪ್ಪುನೀರು. ಮತ್ತೆ, ವಿನೆಗರ್ ಸುಣ್ಣ ತೆಗೆಯುತ್ತದೆಯೇ ಹೊರತು ಸೋಂಕುನಾಶಕ ಎಂದು ಅದನ್ನು ನೆಚ್ಚುವಂತಿಲ್ಲ. ಅರಿಶಿನದ ನೀರು, ಬೇವಿನ ಸೊಪ್ಪಿನ ಕಷಾಯದ ಮಾತೂ ಅದೇ.

ಸೋಪು, ವಿನೆಗರ್ ಪೂರ್ತಿ ಹೋಗುವ ಹಾಗೆ ಎರಡು ಸಲ ನೀರು ಹಾಕಿ ಜಾಲಿಸಿ. ಮುಂದಿನ ಹಂತಕ್ಕೆ ಇದು ಬಹಳ ಮುಖ್ಯ.

ಸೋಂಕುನಾಶಕ

ಪ್ರತಿ ವಾರ ಇದು ಬೇಕಿಲ್ಲ. ಹಳೆ ಪಂಜರ ತಂದಾಗ, ಹಕ್ಕಿ ಕಾಯಿಲೆ ಬಿದ್ದಾಗ ಅಥವಾ ಸತ್ತಾಗ, ತಿಂಗಳಿಗೊಮ್ಮೆ ಮಾಡುವ ದೊಡ್ಡ ತೊಳೆತದಲ್ಲಿ ಸಾಕು.

ಸುಲಭವಾಗಿ ಸಿಗುವುದು ಬಟ್ಟೆ ಬಿಳುಪಾಗಿಸುವ ದ್ರವ (ಬ್ಲೀಚ್), ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಬಾಟಲಿಯ ಮೇಲೆ 4ರಿಂದ 6 ಶೇಕಡಾ ಎಂದಿದ್ದರೆ ಒಂದು ಲೀಟರ್ ತಣ್ಣೀರಿಗೆ 30 ಮಿಲಿಲೀಟರ್, ಅಂದರೆ ಎರಡು ಟೇಬಲ್ ಚಮಚ. ಬಿಸಿನೀರಿಗೆ ಹಾಕಿದರೆ ಅದು ಬೇಗ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ, ಘಾಟು ಏಳುತ್ತದೆ. ಸುಗಂಧ ಸೇರಿಸಿದ್ದು ಬೇಡ. ಬ್ಲೀಚಿಂಗ್ ಪೌಡರ್ ಕೂಡ ಬೇಡ: ಡಬ್ಬದಲ್ಲಿ ಹಳತಾದಂತೆ ಅದರ ಕ್ಲೋರಿನ್ ಪ್ರಮಾಣ ಇಳಿಯುತ್ತದೆ, ಅಳೆದು ಹಾಕಿದರೂ ಎಷ್ಟು ಬಿತ್ತು ಅನ್ನುವುದು ತಿಳಿಯದು.

ತೊಳೆದ ಪಂಜರಕ್ಕೆ ಈ ದ್ರಾವಣ ಹಚ್ಚಿ 10 ನಿಮಿಷ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಿ. ನಡುವೆ ಒಣಗಿದರೆ ಮತ್ತೆ ಹಚ್ಚಿ. ಹಿಕ್ಕೆ ಇರುವ ಪಂಜರಕ್ಕೆ ನೇರವಾಗಿ ಬ್ಲೀಚ್ ಹಾಕಿದರೆ ಅದು ಹಿಕ್ಕೆಯ ಜೊತೆಗೇ ವರ್ತಿಸಿ ಖರ್ಚಾಗಿಬಿಡುತ್ತದೆ, ಅಡಿಯ ರೋಗಾಣುವಿಗೆ ಏನೂ ಉಳಿಯುವುದಿಲ್ಲ. ‘ಬ್ಲೀಚ್ ಹಾಕಿದೆ, ಆದರೂ ಮರಿಗಳು ಸತ್ತವು’ ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಅವಸರವೇ. 10 ನಿಮಿಷದ ಮೇಲೂ ಬಿಡಬೇಡಿ, ಲೋಹ ತಿನ್ನುತ್ತದೆ.

ಜೀವಕ್ಕೆ ಕುತ್ತು ತರುವ ಬೆರಕೆಗಳು ಎರಡು. ಬ್ಲೀಚ್ ಜೊತೆ ಆಮ್ಲ, ಅಂದರೆ ವಿನೆಗರ್, ನಿಂಬೆ, ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವಗಳು ಸೇರಿದರೆ ಕ್ಲೋರಮೈನ್. ಎರಡೂ ಮುಚ್ಚಿದ ಬಚ್ಚಲಲ್ಲಿ ಮನುಷ್ಯರನ್ನೇ ಆಸ್ಪತ್ರೆಗೆ ಸೇರಿಸುತ್ತವೆ. ಬಚ್ಚಲ ನೆಲಕ್ಕೆ ಬೆಳಗ್ಗೆ ಆಸಿಡ್ ಹಾಕಿ ತೊಳೆದಿದ್ದರೆ ಅಲ್ಲೇ ಪಂಜರಕ್ಕೆ ಬ್ಲೀಚ್ ಹಚ್ಚಬೇಡಿ, ಹೊರಗೆ ಒಯ್ಯಿರಿ. ಕಿಟಕಿ ತೆರೆದಿರಲಿ.

ಇನ್ನು ಪಂಜರದ ಹತ್ತಿರ ಸುಳಿಯಲೇಬಾರದವು: ಕಪ್ಪು ಫಿನಾಯಿಲ್, ಬಿಳಿ ಫಿನಾಯಿಲ್, ಡೆಟಾಲ್‌ನಂಥ ಫೀನಾಲ್ ಬಳಗದ ದ್ರವಗಳು, ನಿಂಬೆ-ಮಲ್ಲಿಗೆ ಪರಿಮಳದ ನೆಲ ಒರೆಸುವ ದ್ರವ, ರೂಮ್ ಫ್ರೆಶ್ನರ್, ನುಸಿಗುಳಿಗೆ, ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ.

ಬ್ಲೀಚ್ ತೊಳೆಯಲು ಕನಿಷ್ಠ ಮೂರು ಬಾರಿ ಹೊಸ ನೀರು. ವಾಸನೆ ಹೋಯಿತೋ ಇಲ್ಲವೋ ಅಂತ ನೀವೇ ಮೂಸಿ ತೀರ್ಮಾನಿಸಬೇಡಿ. ಅರ್ಧ ಗಂಟೆ ಆ ಗಾಳಿಯಲ್ಲಿದ್ದ ಮೂಗಿಗೆ ಅದು ಅಭ್ಯಾಸವಾಗಿರುತ್ತದೆ. ಹೊರಗಿದ್ದವರನ್ನು ಕರೆದು ಒಣಗಿದ ಪಂಜರ ಮೂಸಲು ಹೇಳಿ. ಅವರು ‘ಈಜುಕೊಳದ ವಾಸನೆ’ ಅಂದರೆ ಮತ್ತೆ ನೀರು, ಮತ್ತೆ ಬಿಸಿಲು.

ಜಿಐ ತಂತಿಯ ಪಂಜರ

ಅಗ್ಗದ ಪಂಜರಗಳು, ಮನೆಯಲ್ಲೇ ಜಾಲರಿ ತಂದು ಕಟ್ಟಿದ ಪಂಜರಗಳು ಹೆಚ್ಚಾಗಿ ಜಿಐ, ಅಂದರೆ ಕಬ್ಬಿಣಕ್ಕೆ ಸತುವಿನ ಲೇಪ. ಸತು ಹಕ್ಕಿಗೆ ವಿಷ. ಬಡ್ಜಿ ತಂತಿ ಹಿಡಿದು ಕೊಕ್ಕಿನಲ್ಲಿ ಹತ್ತುವ ಹಕ್ಕಿ, ಅಂಟಿಕೊಂಡಿರುವ ಸತುವಿನ ಚೂರು, ಬಿಳಿ ಪುಡಿ ಎರಡೂ ಹೊಟ್ಟೆ ಸೇರುತ್ತವೆ. ಹೊಸ ಜಾಲರಿಯಲ್ಲೇ ಅಪಾಯ ಜಾಸ್ತಿ: ಲೇಪದ ತೊಟ್ಟುಗಳು ಸಡಿಲವಾಗಿ ನಿಂತಿರುತ್ತವೆ. ಹೊಸದನ್ನು ವಿನೆಗರ್ ನೀರಲ್ಲಿ ಗಡಸು ಬ್ರಷ್ಷಿನಿಂದ ಉಜ್ಜಿ, ತೊಟ್ಟುಗಳನ್ನು ಕೆರೆದು, ಚೆನ್ನಾಗಿ ತೊಳೆದು, ಆಮೇಲೆ ಹಕ್ಕಿ ಬಿಡಬೇಕು.

ಹಳೆ ಜಿಐ ಪಂಜರಕ್ಕೆ ಬ್ಲೀಚ್ ಹಚ್ಚಿದರೆ ಸತು ಇನ್ನಷ್ಟು ಬಿಳಿ ಪುಡಿಯಾಗಿ ಏಳುತ್ತದೆ. ಅದಕ್ಕೆ ಸೋಪು ತೊಳೆತವಾದ ಮೇಲೆ ಕುದಿವ ನೀರು ಸುರಿಯುವುದೇ ಸರಿ, ಒಂದೊಂದು ಮುಖವನ್ನೂ ಮೇಲೆ ಮಾಡಿ ಎರಡು ಮೂರು ಚೊಂಬು. ಒಳಗೆ ಹಕ್ಕಿ ಇಲ್ಲ, ಪ್ಲಾಸ್ಟಿಕ್ ಭಾಗಗಳಿಲ್ಲ ಅನ್ನುವುದನ್ನು ನೋಡಿಕೊಂಡು. ಲೇಪ ಹೋಗಿ ಕೆಂಪು ತುಕ್ಕು ಕಾಣಿಸುತ್ತಿದ್ದರೆ, ಬಣ್ಣ ಚಕ್ಕೆ ಏಳುತ್ತಿದ್ದರೆ ಆ ಪಂಜರ ಗುಜರಿಗೆ. ಮೇಲೆ ಇನ್ನೊಂದು ಕೋಟು ಬಣ್ಣ ಹೊಡೆದು ಹಕ್ಕಿ ಬಿಡುವ ಉಪಾಯ ಬೇಡ.

ಕೋಲು, ಆಟಿಕೆ, ಮಡಕೆ

ಮರದ ಕೋಲಿನ ರಂಧ್ರಗಳಲ್ಲಿ ಕೊಳೆಯೂ ಸೇರುತ್ತದೆ, ಬ್ಲೀಚೂ ಸೇರುತ್ತದೆ. ಆದ್ದರಿಂದ ಅದನ್ನು ಬ್ಲೀಚಿನಲ್ಲಿ ನೆನೆಸಬೇಡಿ. ಒದ್ದೆ ಮಾಡಿ ಕೆರೆದು, ಕುದಿವ ನೀರು ಹುಯ್ದು, ಎರಡು ದಿನ ಬಿಸಿಲಿಗಿಡಿ. ಮಳೆಗಾಲದಲ್ಲಿ ಓವನ್ ಇದ್ದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಮುಕ್ಕಾಲು ಗಂಟೆ, ಪಕ್ಕದಲ್ಲೇ ನಿಂತು. ಎರಡು ಜೊತೆ ಕೋಲು ಇಟ್ಟುಕೊಂಡರೆ ಈ ಕಷ್ಟವೇ ಇಲ್ಲ. ಸೀಬೆ, ಬೇವಿನ ಕೊಂಬೆಗಳು ಬಡ್ಜಿಗೆ ಹೇಳಿಮಾಡಿಸಿದಂತಿವೆ. ಒಂದರಿಂದ ಎರಡು ಸೆಂಟಿಮೀಟರ್ ದಪ್ಪ, ಒಂದೇ ಸಮ ಇಲ್ಲದಿದ್ದರೆ ಪಾದಕ್ಕೆ ಇನ್ನೂ ಒಳ್ಳೆಯದು. ಔಷಧಿ ಹೊಡೆದ ತೋಟದ್ದು ಬೇಡ, ಕಣಗಿಲೆ ಮುಟ್ಟಲೇಬೇಡಿ. ಉಗುರು ಸವೆಯಲಿ ಎಂದು ಮಾರುವ ಉಪ್ಪುಕಾಗದದ ಕವಚ ಸವೆಸುವುದು ಅಂಗಾಲನ್ನು.

ಎಳೆ ಬಿಚ್ಚಿದ ಹಗ್ಗದ ಆಟಿಕೆ ಎಸೆಯಿರಿ, ಬೆರಳು ಸಿಕ್ಕಿ ಹಾಕಿಕೊಳ್ಳುತ್ತದೆ. ಕಟಲ್‌ಬೋನನ್ನು (ಹಕ್ಕಿ ಕೊಕ್ಕಿನಲ್ಲಿ ಕೆರೆಯಲೆಂದು ಪಂಜರಕ್ಕೆ ಸಿಕ್ಕಿಸುವ, ಕಟಲ್‌ಮೀನಿನ ಬಿಳಿ ಒಳಚಿಪ್ಪು) ನೀರಿಗೆ ಹಾಕಬೇಡಿ. ಮೇಲ್ಪದರವನ್ನು ಚಾಕುವಿನಲ್ಲಿ ಹೆರೆದರೆ ಹೊಸದಾಗುತ್ತದೆ.

ಗೂಡಿಗೆ ಕಟ್ಟುವ ಮಣ್ಣಿನ ಮಡಕೆಯಲ್ಲಿ ಮರಿಗಳ ಹಿಕ್ಕೆ ತಳಕ್ಕೆ ಅಂಗುಲದಷ್ಟು ಗಟ್ಟಿಯಾಗಿರುತ್ತದೆ. ರಾತ್ರಿಯಿಡೀ ನೀರು ತುಂಬಿಟ್ಟು, ಬೆಳಗ್ಗೆ ಕೆರೆದು, ಕುದಿವ ನೀರು ಹಾಕಿ, ಎರಡು ಮೂರು ದಿನದ ಬಿಸಿಲು. ಸೋಪು ಬೇಡ, ಮಣ್ಣು ಕುಡಿದುಬಿಡುತ್ತದೆ. ಹಿಂದಿನ ಮರಿಗಳು ಕಾಯಿಲೆಯಿಂದ ಸತ್ತಿದ್ದರೆ ಮಡಕೆ ಒಡೆದು ಹಾಕಿ, ಹೊಸ ಮಡಕೆಯ ದುಡ್ಡಿಗೆ ಹಿಂದೆ ಮುಂದೆ ನೋಡಬೇಡಿ.

ಬಟ್ಟಲು: ಹೊಟ್ಟಿನ ಮೋಸ

ಬಡ್ಜಿ ನವಣೆಯ ಸಿಪ್ಪೆ ಸುಲಿದು ಒಳಗಿನ ಕಾಳು ಮಾತ್ರ ತಿಂದು ಹೊಟ್ಟನ್ನು ಅದೇ ಬಟ್ಟಲಿಗೆ ಉದುರಿಸುತ್ತದೆ. ಸಂಜೆ ನೋಡಿದರೆ ಬಟ್ಟಲು ತುಂಬಿದಂತೆ ಕಾಣುತ್ತದೆ, ಒಳಗೆ ಒಂದು ಕಾಳೂ ಇರುವುದಿಲ್ಲ. ‘ಕಾಳು ಹಾಗೇ ಇದೆ’ ಅಂದುಕೊಂಡು ಎರಡು ದಿನ ಬಿಟ್ಟು ಹಕ್ಕಿ ಹಸಿವಿನಿಂದ ಸತ್ತದ್ದಿದೆ. ಬಟ್ಟಲನ್ನು ಹೊರಗೆ ಒಯ್ದು, ಮುಖ ತಿರುಗಿಸಿ ಊದಿ, ಉಳಿದದ್ದಕ್ಕೆ ಹೊಸ ಕಾಳು ಸೇರಿಸಿ. ಒದ್ದೆಯಾಗಿ ಗಂಟುಕಟ್ಟಿದ ಕಾಳು ಹುಡುಕಿ ಎಸೆಯಬೇಕು, ಬೂಸ್ಟು ಬೆಳೆಯುವುದು ಅಲ್ಲೇ.

ನೀರಿನ ಬಟ್ಟಲನ್ನು ಖಾಲಿ ಮಾಡಿ ಒಳಗೋಡೆಗೆ ಬೆರಳು ಒತ್ತಿ ಸವರಿ. ಲೋಳೆಯಂತೆ ಜಾರಿದರೆ ಬರೀ ನೀರು ಬದಲಿಸಿದ್ದು ಉಪಯೋಗವಿಲ್ಲ, ಅದು ಬ್ಯಾಕ್ಟೀರಿಯಾಗಳ ಪದರ. ಉಜ್ಜಿಯೇ ತೆಗೆಯಬೇಕು. ನೀರಿಗೆ ವಿಟಮಿನ್ ಹನಿ ಹಾಕುವವರ ಬಟ್ಟಲಲ್ಲಿ ಇದು ಅರ್ಧ ದಿನದಲ್ಲೇ ಕಟ್ಟುತ್ತದೆ.

ಒಣಗಿಸಿ ಜೋಡಿಸುವುದು

ಬಿಸಿಲು ಸಿಕ್ಕರೆ ಎರಡು ಗಂಟೆ ಸಾಕು. ಪಂಜರವನ್ನು ಒಮ್ಮೆ ತಲೆಕೆಳಗು, ಒಮ್ಮೆ ಪಕ್ಕಕ್ಕೆ ಮಲಗಿಸಿ ಕುಲುಕಿ, ಕೊಳವೆಯಂಥ ಕಾಲುಗಳೊಳಗೆ ನೀರು ನಿಂತಿರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯಿಂದ ಒರೆಸಿ ಫ್ಯಾನಿನ ಕೆಳಗೆ ಇಡಿ. ತೇವ ಉಳಿದ ಪಂಜರದಲ್ಲಿ ಕಾಳಿನ ಹೊಟ್ಟು ಬಿದ್ದರೆ ಆಸ್ಪರ್ಜಿಲಸ್ ಎಂಬ ಬೂಸ್ಟು ಬೆಳೆಯುತ್ತದೆ. ಅದು ಹಕ್ಕಿಯ ಗಾಳಿಚೀಲ ಹೊಕ್ಕರೆ ಗುಣಪಡಿಸುವುದು ಬಲು ಕಷ್ಟ. ಟ್ರೇಗೆ ಮರದ ಹೊಟ್ಟು, ಹುಲ್ಲು ಹಾಸಬೇಡಿ ಅನ್ನುವುದೂ ಇದಕ್ಕೇ. ಕಪ್ಪು ಬಿಳುಪಿನ ದಿನಪತ್ರಿಕೆಯೇ ಎಲ್ಲಕ್ಕಿಂತ ಒಳ್ಳೆಯದು, ಹೊಳಪಿನ ಪುಟ ಬೇಡ. ನಾಲ್ಕೈದು ಪದರ ಹಾಸಿದರೆ ದಿನಕ್ಕೊಂದು ಪದರ ಎತ್ತಿದರಾಯಿತು.

ಕೋಲು, ಬಟ್ಟಲುಗಳನ್ನು ಮೊದಲಿದ್ದ ಜಾಗದಲ್ಲೇ ಇಡಿ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಬಡ್ಜಿ ಹೆದರಿ ಮೂಲೆ ಸೇರಿ ಊಟ ಬಿಡುತ್ತದೆ. ಒಂದು ತಿದ್ದುಪಡಿ ಮಾತ್ರ ಮಾಡಬಹುದು: ಬಟ್ಟಲಿನ ನೇರ ಮೇಲೆ ಕೋಲು ಇದ್ದರೆ ಪಕ್ಕಕ್ಕೆ ಸರಿಸಿ.

ಹೇನು, ಇರುವೆ

ತೊಳೆದ ಮೇಲೂ ಹಕ್ಕಿ ರಾತ್ರಿ ನಿದ್ದೆ ಮಾಡದೆ ಒದ್ದಾಡುತ್ತಿದ್ದರೆ ಕೆಂಪು ಹೇನು ಇರಬಹುದು. ಇವು ಹಗಲು ಪಂಜರದ ಸಂದಿಯಲ್ಲಿ ಅಡಗಿ, ರಾತ್ರಿ ಬಂದು ರಕ್ತ ಹೀರುತ್ತವೆ. ರಾತ್ರಿ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ, ಬೆಳಕು ಹರಿಯುವ ಮೊದಲು ಬಟ್ಟೆಯ ಒಳಬದಿ ನೋಡಿ. ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ನಡೆಯುತ್ತಿದ್ದರೆ ಅವೇ. ಲೋಹಕ್ಕೆ ಕುದಿವ ನೀರು, ಮರದ ಕೋಲು ಹೊಸತು. ಹಕ್ಕಿಯ ಮೈಗೆ ಹಾಕುವ ಔಷಧವನ್ನು ಪಶುವೈದ್ಯರೇ ಅಳೆದು ಕೊಡಬೇಕು. ನಾಯಿಯ ಹೇನಿನ ಪುಡಿ ಹಾಕಬೇಡಿ.

ಇರುವೆಗೆಂದೇ ಮಾರುವ ಸೀಮೆಸುಣ್ಣದ ಗೆರೆ ಎಳೆಯುವುದು ರೂಢಿ. ಅದು ಕೀಟನಾಶಕ, ಹಕ್ಕಿ ರೆಕ್ಕೆ ಬಡಿದಾಗ ಪುಡಿ ಪಂಜರಕ್ಕೇ ಹಾರುತ್ತದೆ. ಪಂಜರದ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ, ಅಜ್ಜಿಯಂದಿರು ಹಾಲಿನ ಕಪಾಟಿಗೆ ಮಾಡುತ್ತಿದ್ದ ಹಾಗೆ. ಸೊಳ್ಳೆ ಮೊಟ್ಟೆ ಇಡದಂತೆ ಎರಡು ಮೂರು ದಿನಕ್ಕೊಮ್ಮೆ ಆ ನೀರು ಚೆಲ್ಲಿ ಬದಲಿಸಿ.

ಕೆಲಸ ಮುಗಿದ ಮೇಲೆ

ಉಳಿದ ಬ್ಲೀಚ್ ನೀರನ್ನು ನಾಳೆಗೆ ಇಡಬೇಡಿ, ಒಂದು ದಿನದಲ್ಲಿ ಅದರ ಶಕ್ತಿ ಇಳಿಯುತ್ತದೆ. ಜೊತೆಗೆ ಹೆಸರಿಲ್ಲದ ಬಾಟಲಿ ಮನೆಯಲ್ಲಿರುವುದೇ ಅಪಾಯ. ಬ್ರಷ್ಷು, ಬಕೆಟ್, ಬಚ್ಚಲ ನೆಲ ತೊಳೆದು, ಹಾಕಿಕೊಂಡಿದ್ದ ಬಟ್ಟೆ ಬೇರೆಯಾಗಿ ಒಗೆಯಿರಿ. ಮಾಸ್ಕನ್ನು ಎಲ್ಲಕ್ಕಿಂತ ಕೊನೆಗೆ ತೆಗೆದು ಕೈ ತೊಳೆಯಿರಿ. ಬಸುರಿಯರು, ಆಸ್ತಮಾ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಈ ಕೆಲಸ ಮಾಡದಿರುವುದೇ ಲೇಸು.

ಮುಂದಿನ ದಿನಗಳಲ್ಲಿ ಬಟ್ಟಲು, ಪತ್ರಿಕೆ ದಿನಾ. ಟ್ರೇ, ಕೋಲು ವಾರಕ್ಕೊಮ್ಮೆ ಸೋಪು ನೀರಲ್ಲಿ. ಇಡೀ ಪಂಜರ ತಿಂಗಳಿಗೊಮ್ಮೆ. ದಿನಾ ಐದು ನಿಮಿಷ ಕೊಟ್ಟವರಿಗೆ ತಿಂಗಳ ತೊಳೆತ ಅರ್ಧ ಗಂಟೆಯ ಕೆಲಸ.

ತೊಳೆದ ಮರುದಿನ ಬೆಳಗ್ಗೆ ಹೊಸ ಪತ್ರಿಕೆಯನ್ನು ಮಡಚುವ ಮೊದಲು ಒಂದು ನಿಮಿಷ ನೋಡಿ. ಸರಿಯಾದ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ: ಸುರುಳಿಯಂಥ ಹಸಿರು ಅಥವಾ ಕಂದು, ಅದರ ಮೇಲೆ ಬಿಳಿ, ಸುತ್ತ ಸ್ವಲ್ಪ ನೀರಿನ ಕಲೆ. ಬಿಳಿ ಭಾಗ ಹಳದಿ ಅಥವಾ ಗಿಳಿಹಸಿರಾಗಿದ್ದರೆ, ಡಾಂಬರಿನಂತೆ ಕಪ್ಪಾಗಿದ್ದರೆ, ತಿಂದ ಕಾಳು ಹಾಗೇ ಬಿದ್ದಿದ್ದರೆ ಆ ಪತ್ರಿಕೆಯ ತುಂಡನ್ನು ಮುಚ್ಚಿದ ಕವರಿನಲ್ಲಿ ಹಾಕಿಕೊಂಡು ಹಕ್ಕಿಯ ಜೊತೆಗೇ ಪಶುವೈದ್ಯರ ಹತ್ತಿರ ಹೋಗಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಎಲ್ಲ ಸರಿಯಿದ್ದರೆ ಎಣಿಸಿ, ಅಂಚಿನಲ್ಲಿ ಪೆನ್ನಿನಿಂದ ಸಂಖ್ಯೆ ಬರೆದಿಡಿ. ಮುಂದೊಂದು ದಿನ ಅದು ಅರ್ಧಕ್ಕೆ ಇಳಿದರೆ ಹಕ್ಕಿ ತಿನ್ನುತ್ತಿಲ್ಲ ಅಂತ ಮೊದಲು ಹೇಳುವುದು ಆ ಕಾಗದವೇ.